ಎಫ್‌ಐಆರ್ ಇದ್ದ ಮಾತ್ರಕ್ಕೆ ವಕೀಲಿ ಸನ್ನದು ಸಿಗುವುದಿಲ್ಲವೇ?

ಕಾಲೇಜಿನ ಹೊಡೆದಾಟದ ಎಫ್‌ಐಆರ್‌ನಲ್ಲಿ ನಿಮ್ಮ ಹೆಸರೂ ಇದೆ, ಕಾನೂನು ಪದವಿ ಮುಗಿದ ಮೇಲೆ ವಕೀಲರ ಪರಿಷತ್ತು ಸನ್ನದು ಕೊಡುತ್ತದೆಯೇ ಎಂದು ಕೇಳಿದ್ದೀರಿ. ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಇದೇ ಪ್ರಶ್ನೆ ಹೊತ್ತು ಆಗಾಗ ಹುಡುಗರು ಬರುತ್ತಾರೆ. ಓದು ಬಿಡುವಂಥದ್ದೇನೂ ಆಗಿಲ್ಲ.

1961ರ ವಕೀಲರ ಅಧಿನಿಯಮದ 24ಎ ಕಲಂ ತೆಗೆದು ನೋಡಿ. ನೈತಿಕ ಅಧಃಪತನದ (ವಂಚನೆಯಂಥ, ನಡತೆಗೇ ಕಳಂಕ ತರುವ) ಅಪರಾಧಕ್ಕೆ ಅಥವಾ ಅಸ್ಪೃಶ್ಯತೆ ಆಚರಣೆಗೆ ಶಿಕ್ಷೆಯಾದವರನ್ನು, ಅಂಥ ನೈತಿಕ ಆರೋಪದ ಮೇಲೆ ಸರ್ಕಾರಿ ನೌಕರಿಯಿಂದ ವಜಾ ಆದವರನ್ನು ಅದು ಹೊರಗಿಡುತ್ತದೆ. ಅದೂ ಬಿಡುಗಡೆ ಅಥವಾ ವಜಾ ಆಗಿ ಎರಡು ವರ್ಷ ಕಳೆಯುವವರೆಗೆ ಮಾತ್ರ. ವಿಚಾರಣೆಗೆ ಬಾಕಿಯಿರುವ ಪ್ರಕರಣದ ಮಾತೇ ಅಲ್ಲಿಲ್ಲ. ಕೊಲೆಗೆ ಶಿಕ್ಷೆ ಅನುಭವಿಸಿ ಬಂದವನೂ ಎರಡು ವರ್ಷಕ್ಕೆ ಕರಿಕೋಟು ತೊಡಬಹುದೆಂಬುದು ನನಗಂತೂ ಗಂಟಲಿಗಿಳಿಯದ ಮಾತು. ಆದರೆ ಕಾನೂನು ಇರುವುದು ಹಾಗೆಯೇ. ಈ ನಿರ್ಬಂಧ ಸನ್ನದು ಪಡೆದವರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಮಹಿಪಾಲ್ ಸಿಂಗ್ ರಾಣಾ ಪ್ರಕರಣದಲ್ಲಿ ಹೇಳಿತು.

ನಾನು ಹೆದರುವುದು ಮುಚ್ಚಿಡುವವರ ವಿಷಯದಲ್ಲಿ. ಸನ್ನದಿನ ಅರ್ಜಿಯಲ್ಲಿ ಕ್ರಿಮಿನಲ್ ಪ್ರಕರಣದ ಪ್ರಶ್ನೆ ಬಂದಲ್ಲಿ ‘ಇಲ್ಲ’ ಎಂದು ಬರೆದು ನೋಟರಿ ಮುದ್ರೆ ಒತ್ತಿಸಿದರೆ, ಚಿಕ್ಕ ಜಗಳ ದೊಡ್ಡ ಸುಳ್ಳಾಗುತ್ತದೆ. ಮುಖ್ಯ ಸಂಗತಿಯನ್ನು ತಪ್ಪಾಗಿ ತಿಳಿಸಿ ಸನ್ನದು ಪಡೆದವರ ಹೆಸರನ್ನು ಭಾರತೀಯ ವಕೀಲರ ಪರಿಷತ್ತು ತೆಗೆದುಹಾಕಬಹುದು. 26ನೇ ಕಲಂ ಆ ಅಧಿಕಾರ ಕೊಡುತ್ತದೆ. ಮೇಲಾಗಿ 2024ರಲ್ಲಿ ಪರಿಷತ್ತು ಕಾನೂನು ವಿದ್ಯಾರ್ಥಿಗಳ ಅಪರಾಧ ಹಿನ್ನೆಲೆ ಪರಿಶೀಲಿಸುವಂತೆ ಕಾಲೇಜುಗಳಿಗೂ ಸುತ್ತೋಲೆ ಕಳಿಸಿದೆ. ಅಮೆರಿಕದಲ್ಲಿ ಇನ್ನೂ ಬಿಗಿ: ಅಲ್ಲಿ ಅರ್ಜಿದಾರನೇ ತನ್ನ ಸಚ್ಚಾರಿತ್ರ್ಯವನ್ನು ಸಾಬೀತುಪಡಿಸಬೇಕು. ಕಟ್ಟುಕಥೆಗಳನ್ನು ವರದಿಯೆಂದು ಬರೆದಿದ್ದ ಪತ್ರಕರ್ತ ಸ್ಟೀಫನ್ ಗ್ಲಾಸ್‌ಗೆ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2014ರಲ್ಲಿ ವಕೀಲಿ ವೃತ್ತಿಗೆ ಪ್ರವೇಶ ನಿರಾಕರಿಸಿತು. ಹಿಂದೆ ನ್ಯೂಯಾರ್ಕ್‌ನಲ್ಲಿ ಸಲ್ಲಿಸಿದ್ದ ಅರ್ಜಿಯಲ್ಲೂ ಅವರು ಪೂರ್ತಿ ಪ್ರಾಮಾಣಿಕರಾಗಿರಲಿಲ್ಲ ಎಂಬುದೂ ಅವರಿಗೆ ಮುಳುವಾಯಿತು.

ನಿಮ್ಮ ಕೆಲಸ ಈಗ ಎಫ್‌ಐಆರ್ ಮತ್ತು ದೋಷಾರೋಪ ಪಟ್ಟಿಯ ದೃಢೀಕೃತ ನಕಲು ತೆಗೆಸುವುದು. ಹೊಡೆತ ಮತ್ತು ಕೆಣಕುವ ಬೈಗುಳದ ಕಲಂಗಳು, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ 323, 504 ಅಥವಾ ಈಗಿನ ಭಾರತೀಯ ನ್ಯಾಯ ಸಂಹಿತೆಯ 115(2), 352 ಮಾತ್ರ ಇದ್ದರೆ ಫಿರ್ಯಾದುದಾರರ ಒಪ್ಪಿಗೆ ಪಡೆದು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಿ, ರಾಜಿಯೆಂದರೆ ಖುಲಾಸೆ. ಪೊಲೀಸರು ಅಕ್ರಮ ಕೂಟದ ಕಲಂಗಳನ್ನೂ ಜೋಡಿಸಿದ್ದರೆ (ಜೋಡಿಸಿಯೇ ಇರುತ್ತಾರೆ) ಅವು ರಾಜಿಗೆ ಬರುವುದಿಲ್ಲ, ರದ್ದತಿಗೆ ಹೈಕೋರ್ಟಿಗೆ ಹೋಗಬೇಕು. ಆದೇಶದ ಪ್ರತಿಯನ್ನು ನೀವೇ ಅರ್ಜಿಗೆ ಲಗತ್ತಿಸಿ. ಅಂದ ಹಾಗೆ, ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪ್ರಕರಣವಿದೆಯೆಂದು ಯಾರಾದರೂ ‘ಒಳಗಿನಿಂದ ಮಾಡಿಸಿಕೊಡುತ್ತೇನೆ’ ಎಂದು ಹಣ ಕೇಳಿದರೆ ಕೊಡಬೇಡಿ.