ಗುಳೇದಗುಡ್ಡದ ಬಂಡೆಗೂ ಎರೆ ಹೊಲಕ್ಕೂ ಒಂದೇ ಬೈಕ್: ಕೇಳಿದ ತಮ್ಮನಿಗೆ

ತಮ್ಮಾ, ಗುಳೇದಗುಡ್ಡದ ಬಂಡೆಗಳನ್ನೂ ಹತ್ತಬೇಕು, ಅಪ್ಪನ ಎರೆ ಹೊಲಕ್ಕೂ ಹೋಗಬೇಕು, ಅದಕ್ಕೆ ಕೆಟಿಎಂ ಫ್ರೀರೈಡ್ ತರಿಸಲೋ, ಮನೆಯಲ್ಲಿರುವ ಹೀರೊ ಎಕ್ಸ್‌ಪಲ್ಸ್ 200 4ವಿ ಬೈಕನ್ನೇ ಸಜ್ಜುಗೊಳಿಸಲೋ ಎಂದು ಕೇಳಿದ್ದೀಯ. ತರಿಸಬೇಡ.

ಫ್ರೀರೈಡ್ ಒಳ್ಳೆಯ ಬೈಕ್, ಅದರಲ್ಲಿ ಎರಡು ಮಾತಿಲ್ಲ. ಕಾಲೂರದೆ ನಿಧಾನವಾಗಿ ಬಂಡೆ ಹತ್ತಿಸುವ ಸ್ಪರ್ಧೆಗೆಂದೇ ಮಾಡಿದ ಟ್ರಯಲ್ಸ್ ಬೈಕ್ ಸುಮಾರು 70 ಕಿಲೋ. ಕುಳಿತುಕೊಳ್ಳಲು ಸೀಟೇ ಇರುವುದಿಲ್ಲ, ನಿಂತೇ ಓಡಿಸಬೇಕು. ಎಂಡ್ಯೂರೊ ಬೈಕ್ ದಿನವಿಡೀ ಕಾಡುದಾರಿಯಲ್ಲಿ ವೇಗವಾಗಿ ಓಡುವಂಥದ್ದು. ಇವೆರಡರ ನಡುವೆ ನಿಲ್ಲುವ ಬೈಕಾಗಿ 2012ರ ಹೊತ್ತಿಗೆ ಫ್ರೀರೈಡ್ 350 ಬಂತು, 2014ರಲ್ಲಿ ಟೂ ಸ್ಟ್ರೋಕ್ 250 ಆರ್ ಬಂತು. ಈಗ ಪೆಟ್ರೋಲ್ ಮಾದರಿಗಳು ನಿಂತು ವಿದ್ಯುತ್ ಮಾದರಿಯೊಂದೇ ಉಳಿದಿದೆ. ಯಾವುದೂ ನಮ್ಮ ದೇಶದಲ್ಲಿ ಮಾರಾಟಕ್ಕೆ ಬರಲಿಲ್ಲ. ಹೇಗೋ ತರಿಸಿದೆ ಎಂದುಕೋ, ಸಣ್ಣ ಲಿವರ್ ಮುರಿದರೂ ಹೊರದೇಶದ ದಾರಿ ಕಾಯಬೇಕು.

ಇನ್ನೊಂದು ಲೆಕ್ಕ ನೋಡು. ಫ್ರೀರೈಡ್ 350ರ ಶಕ್ತಿ ಸುಮಾರು 23 ಅಶ್ವಶಕ್ತಿ, ನಿನ್ನದು ಸುಮಾರು 19. ದೊಡ್ಡ ಅಂತರವೇನಲ್ಲ. ಅಂತರವಿರುವುದು ತೂಕದಲ್ಲಿ: 250 ಆರ್ ಪೆಟ್ರೋಲ್ ಇಲ್ಲದೆ 92.5 ಕಿಲೋ, ನಿನ್ನದು ಪೆಟ್ರೋಲ್ ಸಹಿತ 158. ಪೆಟ್ರೋಲ್ ಕಳೆದರೂ ಒಂದು ಸಿಮೆಂಟ್ ಚೀಲ ಹೆಚ್ಚು ಹೊತ್ತಂತೆ. ಆದ್ದರಿಂದ ಶಕ್ತಿ ಹೆಚ್ಚಿಸಲೆಂದು ಸೈಲೆನ್ಸರ್‌ಗೆ, ಏರ್ ಫಿಲ್ಟರ್‌ಗೆ ಹಣ ಸುರಿಯಬೇಡ.

ಮೊದಲು ಚೈನ್ ಓಡಿಸುವ ಮುಂದಿನ ಹಲ್ಲುಚಕ್ರದಲ್ಲಿ (ಸ್ಪ್ರಾಕೆಟ್) ಒಂದು ಹಲ್ಲು ಕಡಿಮೆ ಮಾಡಿಸು. ಮೊದಲ ಗೇರಿನಲ್ಲಿ ಕ್ಲಚ್ ಸುಡದೆ ನಡಿಗೆಯ ವೇಗದಲ್ಲಿ ಹೋಗಬಹುದು. ಹೆದ್ದಾರಿಯಲ್ಲಿ ಎಂಜಿನ್ ಹೆಚ್ಚು ಕೂಗುತ್ತದೆ, ಅದನ್ನು ಸಹಿಸಿಕೋ. ಟ್ರಯಲ್ಸ್‌ನವರು ಐದಾರು ಪಿಎಸ್‌ಐ ಗಾಳಿಯಲ್ಲಿ ಓಡಿಸುವುದನ್ನು ವಿಡಿಯೊದಲ್ಲಿ ನೋಡಿ ನೀನೂ ಗಾಳಿ ಬಿಡಬೇಡ. ನಿನ್ನದು ಟ್ಯೂಬ್ ಟೈರ್. ಗಾಳಿ ತೀರಾ ಕಡಿಮೆಯಾದರೆ ಕಲ್ಲಿಗೆ ತಾಗಿ ಟ್ಯೂಬ್ ಕಚ್ಚಿಕೊಳ್ಳುತ್ತದೆ, ಟೈರನ್ನು ರಿಮ್‌ಗೆ ಬಿಗಿಹಿಡಿಯುವ ರಿಮ್ ಲಾಕ್ ಇಲ್ಲದಿದ್ದರೆ ಟೈರ್ ಜಾರಿ ವಾಲ್ವ್ ಕಿತ್ತು ಬರುತ್ತದೆ. ರಿಮ್ ಲಾಕ್ ಹಾಕಿಸಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ನೋಡು. ನಿಮ್ಮ ಕಡೆಯ ಮರಳುಗಲ್ಲು ಒಣಗಿದ್ದಾಗ ಒಳ್ಳೆಯ ಹಿಡಿತ ಕೊಡುತ್ತದೆ. ಅದಕ್ಕೆ ಎತ್ತರದ ಉಬ್ಬುಗಳಿರುವ ಟೈರಿಗಿಂತ ಮೆತ್ತನೆಯ ರಬ್ಬರ್ ಮೇಲು.

ಎರೆ ಹೊಲದ ಮಾತೇ ಬೇರೆ. ಮಳೆ ಬಿದ್ದ ಮರುದಿನ ಯಾವ ಟೈರೂ ನಡೆಯುವುದಿಲ್ಲ. ಮಣ್ಣು ಮಡ್‌ಗಾರ್ಡ್‌ಗೂ ಚಕ್ರಕ್ಕೂ ನಡುವೆ ತುಂಬಿ ಚಕ್ರವೇ ನಿಂತುಬಿಡುತ್ತದೆ. ಬೈಕನ್ನು ರಸ್ತೆಯಲ್ಲೇ ಬಿಟ್ಟು ನಡೆದು ಹೋಗು.

ಹಣಕ್ಕಿಂತ ಅಭ್ಯಾಸ ಮುಖ್ಯ. ಖಾಲಿ ಕಣದಲ್ಲಿ ಎರಡು ಕಲ್ಲಿಟ್ಟು, ಫುಟ್‌ರೆಸ್ಟ್ ಮೇಲೆ ನಿಂತು, ಹ್ಯಾಂಡಲ್ ಪೂರ್ತಿ ತಿರುಗಿಸಿ ಎಂಟರ ಆಕಾರದಲ್ಲಿ ಸುತ್ತು. ಒಂದು ಬೆರಳು ಕ್ಲಚ್ ಮೇಲೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ. ಟ್ರಯಲ್ಸ್ ಸ್ಪರ್ಧೆಯಲ್ಲಿ ಕಾಲು ನೆಲಕ್ಕೆ ತಾಗಿದರೆ ದಂಡದ ಅಂಕ; ನೀನೂ ಹಾಗೆಯೇ ಎಣಿಸು. ಬಾದಾಮಿಯ ಸ್ಮಾರಕಗಳ ಸುತ್ತ, ಯಡಹಳ್ಳಿ ಚಿಂಕಾರ ಧಾಮದೊಳಗೆ ಮಾತ್ರ ಚಕ್ರ ಇಡಬೇಡ.

ಮುಂದೆ ಬದಲಿಸಲೇಬೇಕು ಎನಿಸಿದರೆ ಕವಾಸಾಕಿ ಕೆಎಲ್ಎಕ್ಸ್ 230 ನೋಡು, 139 ಕಿಲೋ. ಸೀಟು 880 ಮಿಲಿಮೀಟರ್ ಎತ್ತರ. ಕೊಳ್ಳುವ ಮೊದಲು ಕುಳಿತು ಕಾಲು ಊರಿ ನೋಡು. ಕೆಟಿಎಂ 390 ಎಂಡ್ಯೂರೊ ಆರ್‌ನಲ್ಲಿ ಶಕ್ತಿ ಬಹಳ, ಆದರೆ ತೂಕ ಪೆಟ್ರೋಲ್ ಇಲ್ಲದೆಯೇ 159 ಕಿಲೋ, ಅಂದರೆ ನಿನ್ನ ಬೈಕಿಗಿಂತಲೂ ಹೆಚ್ಚು.