ಊರಲ್ಲಿ ಅಮ್ಮ ಒಬ್ಬರೇ ಇದ್ದಾರೆ. ದಿನಚರಿ ಬದಲಾದರೆ ತಿಳಿಸುವ ಸೆನ್ಸರ್ ಹಾಕಿಸಲಾ, ಕ್ಯಾಮೆರಾ ಹಾಕಿಸಲಾ?

ನೀವು ಬೆಂಗಳೂರಲ್ಲಿ, ಅಮ್ಮ ಹಸು ಕಟ್ಟಿಕೊಂಡು ಚಿಂತಾಮಣಿ ಕಡೆ. ನಮ್ಮದು ಶಿಡ್ಲಘಟ್ಟ ಕಡೆ, ಮಿಕ್ಕಿದ್ದೆಲ್ಲ ಅದೇ ಕಥೆ. ಯಾವ ಕಂಪನಿದು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಾನು ಹಾಕಿಸಿದ್ದು ಒಳ್ಳೇದೇ ಇತ್ತು. ಆದರೂ ನಮ್ಮಮ್ಮ ಕಾಲಿನ ಒಂದು ಬೆರಳು ಕಳೆದುಕೊಂಡರು.

ನಡುಮನೆ, ಅಡುಗೆಮನೆ, ಬಚ್ಚಲಿಗೆ ಹೋಗುವ ದಾರಿ, ಮೂರೂ ಕಡೆ ಮೋಷನ್ ಸೆನ್ಸರ್ ಇಟ್ಟಿದ್ದೆ. ಮೈಬಿಸಿ ಇರುವುದು ಓಡಾಡಿದರೆ ಅದಕ್ಕೆ ತಿಳಿಯುತ್ತದೆ, ಮುಖಗಿಖ ಕಾಣುವುದಿಲ್ಲ. ಮೊದಲ ಕೆಲವು ದಿನ ಅದು ಸುಮ್ನೆ ಗಮನಿಸುತ್ತದೆ. ಎಷ್ಟೊತ್ತಿಗೆ ಏಳುತ್ತಾರೆ, ಎಷ್ಟು ಸಲ ಬಚ್ಚಲಿಗೆ ಹೋಗುತ್ತಾರೆ ಅಂತ. ಅದನ್ನೇ ಮಾಮೂಲಿ ಅಂತ ಇಟ್ಟುಕೊಂಡು, ಆಮೇಲೆ ಹೆಚ್ಚುಕಡಿಮೆ ಆದರೆ ಫೋನಿಗೆ ಅಲರ್ಟ್.

ನಾನು ಕೆಟ್ಟಿದ್ದು ಇಲ್ಲೇ. ರಜೆ ಸಿಕ್ಕಿತು ಅಂತ ಹೋಗಿ ಹಾಕಿದಾಗ ಮನೆಯಲ್ಲಿ ರೇಷ್ಮೆ ಬೆಳೆ ಇತ್ತು. ಹುಳು ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿತ್ತು. ಸಾಕಿದವರಿಗೆ ಗೊತ್ತು, ಬೆಳೆಯ ಒಟ್ಟು ಸೊಪ್ಪಲ್ಲಿ ಶೇ. 80ರಷ್ಟು ಖಾಲಿಯಾಗುವುದು ಆ ಕೊನೇ ವಾರದಲ್ಲೇ. ಅಮ್ಮ ಮಧ್ಯರಾತ್ರಿ, ಬೆಳಗಿನ ಜಾವ ಅಂತಿಲ್ಲದೆ ಎದ್ದು, ಬಚ್ಚಲಲ್ಲಿ ಕೈ ತೊಳೆದು, ಸೊಪ್ಪು ಹಾಕುತ್ತಿದ್ದರು. ಮೆಷಿನ್‌ಗೆ ಹುಳು ಗೊತ್ತಾ? ಇವರು ರಾತ್ರಿ ಎದ್ದೆದ್ದು ಬಚ್ಚಲಿಗೆ ಹೋಗುವವರೇ ಅಂತ ಕಲಿತುಬಿಟ್ಟಿತು. ಹುಳು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಹೋದ ಮೇಲೆ ಅಮ್ಮ ನೆಮ್ಮದಿಯಾಗಿ ಮಲಗಿದರೆ, 'ರಾತ್ರಿ ಓಡಾಟ ಕಡಿಮೆಯಾಗಿದೆ' ಅಂತ ನನಗೆ ಅಲರ್ಟ್! ನಕ್ಕು ಬಿಟ್ಟೆ. ಆವತ್ತೇ ಎಲ್ಲ ಅಳಿಸಿ ಮೊದಲಿಂದ ಕಲಿಸಬೇಕಿತ್ತು.

ಮುಂದೆ ಅಮ್ಮನಿಗೆ ಶುಗರ್ ಏರಿತು. ಶುಗರ್ ಜಾಸ್ತಿ ಆದಾಗ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆ, ಅಲ್ವಾ? ಅಮ್ಮ ಎದ್ದರು, ಸೆನ್ಸರ್ ನೋಡಿತು, ಮಾಮೂಲಿ ಅಂದುಕೊಂಡಿತು. ಶುಗರ್‌ನಿಂದಲೇ ಪಾದ ಮರಗಟ್ಟಿ, ಮುಳ್ಳು ಚುಚ್ಚಿದ್ದೂ ಅವರಿಗೆ ತಿಳಿಯಲಿಲ್ಲ. ಗಾಯ ಕೊಳೆತ ಮೇಲೆಯೇ ನಾವು ಡಾಕ್ಟರ ಹತ್ತಿರ ಹೋಗಿದ್ದು.

ಹಾಗಾಗಿ ಹಬ್ಬ, ಸುಗ್ಗಿ, ನೆಂಟರು ಯಾವುದೂ ಇಲ್ಲದ ವಾರಗಳಲ್ಲಿ ಕಲಿಸಿ. ಅಲರ್ಟ್ ಬರಲಿಲ್ಲ ಅಂತ ಸುಮ್ಮನಿರಬೇಡಿ. ಇಂಥವು ಹೊಸ ಅಭ್ಯಾಸವನ್ನೂ ಕಲಿಯುತ್ತಾ ಹೋಗುತ್ತವೆ, ನಿಧಾನವಾಗಿ ಬರುವ ಕಾಯಿಲೆಯೂ ಅದರಲ್ಲಿ ಸೇರಿಹೋಗುತ್ತದೆ. ತಿಂಗಳಿಗೊಮ್ಮೆ ಗ್ರಾಫ್ ತೆಗೆದು, ಮೊದಲ ತಿಂಗಳಿನದರ ಪಕ್ಕ ಇಟ್ಟು ನೀವೇ ನೋಡಿ. ರೂಟರ್‌ಗೊಂದು ಸಣ್ಣ ಯುಪಿಎಸ್ ಇರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗಲೆಲ್ಲ ಅಮ್ಮ ಅಲ್ಲಾಡುತ್ತಿಲ್ಲ ಅಂತ ಹೆದರಿಸುತ್ತದೆ. ಕ್ಯಾಮೆರಾ ಅಂತೂ ಬೇಡವೇ ಬೇಡ. ಸೀರೆ ಸರಿಮಾಡಿಕೊಳ್ಳುವುದಕ್ಕೂ ಮರೆ ಹುಡುಕುವ ಹಾಗೆ ಅವರನ್ನು ಯಾಕೆ ಇಡಬೇಕು?

ಅದಕ್ಕಿಂತ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, 30 ದಾಟಿದವರಿಗೆ ಬಿಪಿ, ಶುಗರ್ ಪುಕ್ಕಟೆ ನೋಡುತ್ತಾರೆ. ಇನ್ನು, ನಿಮ್ಮಮ್ಮ ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತಾರೆ ಅಂತ ಬರೆದಿದ್ದೀರಿ. ಒಂದು ಹೊತ್ತು ಬರದಿದ್ದರೆ ಡೇರಿ ಸೆಕ್ರೆಟರಿಗೆ ಆಗಲೇ ಗೊತ್ತಾಗುತ್ತದೆ. ಅವರ ನಂಬರ್ ನಿಮ್ಮ ಹತ್ತಿರ ಇದೆಯಾ? ಮನೆಯ ಇನ್ನೊಂದು ಬೀಗದ ಕೈ ಪಕ್ಕದ ಮನೆಯಲ್ಲಿದೆಯಾ? ಅಲರ್ಟ್ ಬಂದಾಗ ಓಡಿಹೋಗಿ ನೋಡಬೇಕಾದವರು ಅವರು. ನೀವು ಆಗಿನ್ನೂ ಹೊಸಕೋಟೆ ಟ್ರಾಫಿಕ್ಕಲ್ಲಿ ಇರುತ್ತೀರಿ.