ಐದು ಮತ್ತು ಎರಡು ವರ್ಷದ ಮಕ್ಕಳೊಂದಿಗೆ ಆರು ರಾತ್ರಿ ಅಂಡಮಾನ್: ಎಲ್ಲವನ್ನೂ ನೋಡಲು ಆಗುತ್ತದೆಯೇ?

ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್ ಎಲ್ಲವನ್ನೂ ಏಜೆಂಟ್ ಆರು ರಾತ್ರಿಗಳಲ್ಲಿ ತುಂಬಿಸಿ ಕೊಟ್ಟಿದ್ದಾರೆ, ಜೊತೆಗೆ ಅತ್ತೆಯವರೂ ಬರುತ್ತಾರೆ, ಜನವರಿಯಲ್ಲಿ ಬೆಂಗಳೂರಿನಿಂದ ಹೊರಡುತ್ತೇವೆ ಎಂದು ಬರೆದಿದ್ದೀರಿ. ನಮ್ಮ ಮಕ್ಕಳು ಅದೇ ವಯಸ್ಸಿನಲ್ಲಿದ್ದಾಗ ನಾವೂ ಹೋಗಿದ್ದೆವು. ಹಾಗಾಗಿ ನೇರವಾಗಿ ಹೇಳುತ್ತೇನೆ: ಬಾರಾಟಾಂಗ್ ಮತ್ತು ಹ್ಯಾವ್‌ಲಾಕ್ ಎರಡನ್ನೂ ಕೈಬಿಡಿ. ಮೊದಲ ರಾತ್ರಿ ಪೋರ್ಟ್ ಬ್ಲೇರ್, ನಡುವಿನ ನಾಲ್ಕು ರಾತ್ರಿ ನೀಲ್, ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ಟಿಕೆಟ್‌ಗಳಲ್ಲಿ ಹೊಸ ಹೆಸರುಗಳಿರಬಹುದು, ಗೊಂದಲವಾಗದಿರಲಿ: 2018ರಿಂದ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. 2024ರಿಂದ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ.

ಬಾರಾಟಾಂಗ್ ಏಕೆ ಬೇಡ ಎಂದರೆ, ಸುಣ್ಣಕಲ್ಲಿನ ಗುಹೆ ನೋಡಲು ನಸುಕಿನಲ್ಲೇ ಮಕ್ಕಳನ್ನು ಎಬ್ಬಿಸಿ ಹೊರಡಬೇಕು. ಪೋರ್ಟ್ ಬ್ಲೇರ್‌ನಿಂದ ಹೋಗಲು ಸುಮಾರು ನೂರು ಕಿಲೋಮೀಟರ್, ಬರಲು ಅಷ್ಟೇ. ದಾರಿ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನ ನಡುವೆ ಹೋಗುತ್ತದೆ. ವಾಹನಗಳು ಬೆಂಗಾವಲಿನಲ್ಲಿ ಸಾಲಾಗಿ ಸಾಗಬೇಕು, ನಡುವೆ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಆ ನಿಯಮ ಸರಿಯಾಗಿಯೇ ಇದೆ. ಆದರೆ ಎರಡು ವರ್ಷದ ಮಗುವಿಗೆ ವಾಂತಿಯಾದರೂ ಗಾಡಿ ನಿಲ್ಲಿಸಲಾಗದ ದಾರಿಯಲ್ಲಿ ನೀವೇಕೆ ಹೋಗಬೇಕು? ಹ್ಯಾವ್‌ಲಾಕ್‌ನ ರಾಧಾನಗರ ಬೀಚ್ ಬಹಳ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ತೆರೆಗಳಿರುತ್ತವೆ, ಚಿಕ್ಕವರನ್ನು ಕ್ಷಣವೂ ಬಿಡುವಂತಿಲ್ಲ. ಅಲ್ಲಿನ ಸ್ಕೂಬಾ ಡೈವಿಂಗ್‌ಗೆ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಸಮುದ್ರದೊಳಗೆ ಇಳಿಯುವುದಕ್ಕೆ, ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು. ದೊಡ್ಡ ಮಗುವಿಗೆ ಹತ್ತಾದಾಗ ಹ್ಯಾವ್‌ಲಾಕ್‌ಗೆಂದೇ ಹೋಗಿ, ಆಗ ಅದರ ಪೂರ್ತಿ ಸುಖ ಸಿಗುತ್ತದೆ.

ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದು ನಕ್ಷೆಯಲ್ಲಿ ಗಂಟೆಯ ಮಾತಾಗಿ ಕಾಣುತ್ತದೆ. ಕೋಣೆ ಖಾಲಿ ಮಾಡಿ, ಒಣಗದ ಬಟ್ಟೆ ತುಂಬಿ, ಸಾಕಷ್ಟು ಮುಂಚೆ ಜೆಟ್ಟಿಗೆ (ಹಡಗುಕಟ್ಟೆಗೆ) ಹೋಗಿ ಕಾದು, ಹಡಗಿನಲ್ಲಿ ಕುಳಿತು, ಇಳಿದು, ಮುಂದಿನ ಕೋಣೆ ಸಿಗುವವರೆಗೆ ಮತ್ತೆ ಕಾಯುವಷ್ಟರಲ್ಲಿ ಮಕ್ಕಳ ಊಟ, ನಿದ್ದೆ ಎರಡೂ ತಪ್ಪಿರುತ್ತವೆ. ಮಕ್ಕಳಿಗೆ ಹೊಸ ಬೀಚ್ ಬೇಕಿಲ್ಲ. ನಿನ್ನೆ ಗುಂಡಿ ತೋಡಿದ ಜಾಗಕ್ಕೇ ಇವತ್ತೂ ಹೋಗಬೇಕು, ಅದೇ ನಾಯಿಯನ್ನು ಮಾತನಾಡಿಸಬೇಕು, ಅದೇ ಅಂಗಡಿಯ ಎಳನೀರು ಕುಡಿಯಬೇಕು.

ಅದಕ್ಕೆ ನೀಲ್‌ನಂತಹ ಜಾಗ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ದ್ವೀಪದ ಒಂದು ತುದಿಯಿಂದ ಇನ್ನೊಂದು ತುದಿ ಆಟೊದಲ್ಲಿ ಸ್ವಲ್ಪ ಹೊತ್ತಿನ ದಾರಿ. ನಡುವೆಲ್ಲ ತರಕಾರಿ ತೋಟ, ಬಾಳೆ, ಅಡಿಕೆ, ಗದ್ದೆ. ಅತ್ತೆಯವರಿಗೆ ಊರಿಗೆ ಬಂದಂತೆಯೇ ಅನ್ನಿಸಬಹುದು. ಜೆಟ್ಟಿಯ ಪಕ್ಕದ ಭರತ್‌ಪುರ ಬೀಚ್‌ನಲ್ಲಿ ನೀರು ಬಹು ದೂರದವರೆಗೆ ಆಳವಿಲ್ಲ, ಮಕ್ಕಳು ಕುಳಿತೇ ಆಡಬಹುದು. ಗಾಜಿನ ತಳದ ದೋಣಿಯಲ್ಲಿ ಕುಳಿತರೆ ಮೈ ಒದ್ದೆಯಾಗದೆ ಹವಳ, ಮೀನು ಕಾಣುತ್ತವೆ. ಸಂಜೆಗೆ ಲಕ್ಷ್ಮಣ್‌ಪುರ ಬೀಚ್. ಸೀತಾಪುರದಲ್ಲಿ ತೆರೆಯ ಬಲ ಹೆಚ್ಚು, ಅಲ್ಲಿ ದಡದಲ್ಲೇ ಇರಿ. ಕಲ್ಲಿನ ಸೇತುವೆಯಂತಹ ಬಂಡೆ ನೋಡಲು ಇಳಿತದ ಹೊತ್ತಿನಲ್ಲಿ ಚೂಪಾದ, ಜಾರುವ ಹವಳದ ಕಲ್ಲುಗಳ ಮೇಲೆ ನಡೆಯಬೇಕು. ದೊಡ್ಡ ಮಗುವನ್ನು ರಬ್ಬರ್ ಷೂ ಹಾಕಿಸಿ ಒಬ್ಬರು ಕರೆದೊಯ್ಯಿರಿ. ಚಿಕ್ಕದು ಅಜ್ಜಿಯ ಜೊತೆ ಇರಲಿ.

ದಿನವನ್ನು ಸೂರ್ಯ ಮತ್ತು ಉಬ್ಬರ ನೋಡಿ ಜೋಡಿಸಿಕೊಳ್ಳಿ. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಅದೇ. ಹಾಗಾಗಿ ಜನವರಿಯಲ್ಲಿ ಐದೂಕಾಲರ ಆಸುಪಾಸಿಗೆ ಸೂರ್ಯ ಮುಳುಗಿ, ಆರಕ್ಕೆ ಕತ್ತಲು. ಬಹಳ ಜನ ಇದನ್ನು ಅರಿಯದೆ ತಡವಾಗಿ ಎದ್ದು ದಿನ ಕಳೆದುಕೊಳ್ಳುತ್ತಾರೆ. ಚಿಕ್ಕ ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರಿಲ್ಲ. ಆರಕ್ಕೆ ತಾವಾಗಿಯೇ ಏಳುತ್ತಾರೆ, ಒಂಬತ್ತರವರೆಗೆ ನೀರು, ಬಿಸಿಲೇರಿದ ಮೇಲೆ ಊಟ, ನಿದ್ದೆ, ಮೂರರಿಂದ ಮತ್ತೆ ಮರಳು, ಏಳರೊಳಗೆ ರಾತ್ರಿಯ ಊಟ. ಮಕ್ಕಳು ಎಂಟಕ್ಕೆ ಮಲಗಿದರೆ ನಿಮಗಿಬ್ಬರಿಗೂ ಕುಳಿತು ಮಾತನಾಡಲು ಸಮಯ ಸಿಗುತ್ತದೆ. ಉಬ್ಬರ-ಇಳಿತದ ಆ ವಾರದ ವೇಳೆ ಮೊದಲೇ ಬರೆದಿಟ್ಟುಕೊಳ್ಳಿ. ಪೂರ್ತಿ ಇಳಿತದಲ್ಲಿ ನೀರು ಹಿಂದೆ ಸರಿದು ಹವಳದ ಕಲ್ಲು ಹೊರಗೆ ಕಾಣುತ್ತದೆ, ಆಗ ಸ್ನಾನ ಆಗುವುದಿಲ್ಲ.

ಸಂಜೆ ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳು ಕಚ್ಚುತ್ತವೆ, ಕೆರೆದರೆ ವಾರಗಟ್ಟಲೆ ನವೆ. ಉದ್ದ ತೋಳಿನ ತೆಳು ಬಟ್ಟೆ ಇರಲಿ, ಮಕ್ಕಳನ್ನು ಬರಿಮರಳಿನಲ್ಲಿ ಕೂರಿಸದೆ ಚಾಪೆ ಹಾಸಿ. ಜ್ವರ, ವಾಂತಿ-ಭೇದಿಯ ಔಷಧವನ್ನು ನಿಮ್ಮ ಮಕ್ಕಳ ವೈದ್ಯರಿಂದ ಪ್ರಮಾಣ ಬರೆಸಿಕೊಂಡು ಒಯ್ಯಿರಿ. ನೀಲ್‌ನಲ್ಲಿ ಸಣ್ಣ ಆರೋಗ್ಯ ಕೇಂದ್ರವಿದೆ, ದೊಡ್ಡ ಆಸ್ಪತ್ರೆಗೆ ಪೋರ್ಟ್ ಬ್ಲೇರ್‌ಗೇ ಬರಬೇಕು. ಮೊಸಳೆಯ ಎಚ್ಚರಿಕೆಯ ಫಲಕ ಕಂಡ ಕಡೆ ನೀರಿಗೆ ಇಳಿಯುವ ಮಾತೇ ಬೇಡ.

ಊಟದ ಚಿಂತೆ ಬೇಡ. ಅನ್ನ, ಬೇಳೆ, ಮೊಟ್ಟೆ, ಬಾಳೆಹಣ್ಣು ಎಲ್ಲೆಡೆ ಸಿಗುತ್ತವೆ. ಪೋರ್ಟ್ ಬ್ಲೇರ್‌ನಲ್ಲಿ ಇಡ್ಲಿ, ದೋಸೆಯೂ.

ಪೋರ್ಟ್ ಬ್ಲೇರ್‌ನಲ್ಲಿ ಬ್ರಿಟಿಷರ ಕಾಲದ ಸೆಲ್ಯುಲರ್ ಜೈಲನ್ನು ಅತ್ತೆಯವರಿಗೆ ತಪ್ಪದೆ ತೋರಿಸಿ. 1906ರಲ್ಲಿ ಕಟ್ಟಿ ಮುಗಿಸಿದ ಏಳು ಸಾಲುಗಳಲ್ಲಿ ಮೂರು ಉಳಿದಿವೆ, ಒಟ್ಟು ಸುಮಾರು ಏಳುನೂರು ಒಂಟಿ ಕೋಣೆಗಳಿದ್ದವು. ಆ ಹೊತ್ತಿನಲ್ಲಿ ಒಬ್ಬರು ಮಕ್ಕಳೊಂದಿಗೆ ಹೊರಗಿನ ಹುಲ್ಲಿನ ಮೇಲಿರಿ. ಮಕ್ಕಳಿಗೆ ಎದುರಿನ ರಾಸ್ ದ್ವೀಪ ಸಾಕು, ಅಲ್ಲಿ ಜಿಂಕೆಗಳು ಹತ್ತಿರವೇ ಓಡಾಡುತ್ತವೆ.

ಮೊದಲ ದಿನವೇ ದೊಡ್ಡ ಮಗುವಿಗೆ ತಿಳಿಸಿ: ಚಿಪ್ಪು, ಹವಳದ ತುಂಡು ಮನೆಗೆ ತರುವಂತಿಲ್ಲ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವನ್ನು ತೆಗೆದಿಡುತ್ತಾರೆ. ಏಜೆಂಟರು ಕೊನೆಯ ದಿನ ಬೆಳಗ್ಗೆ ಹಡಗು, ಮಧ್ಯಾಹ್ನ ವಿಮಾನ ಎಂದು ಒಂದು ರಾತ್ರಿ ಉಳಿಸಲು ನೋಡಿದರೆ ಒಪ್ಪಬೇಡಿ. ಗಾಳಿ ಎದ್ದರೆ ಹಡಗು ರದ್ದಾಗುತ್ತದೆ, ವಿಮಾನ ನಿಮಗಾಗಿ ಕಾಯುವುದಿಲ್ಲ. ನೀಲ್‌ನ ಕೋಣೆಯನ್ನು ಮಾತ್ರ ಈಗಲೇ ಕಾದಿರಿಸಿ. ಜನವರಿಯಲ್ಲಿ ಬೀಚ್‌ಗೆ ನಡೆದು ಹೋಗುವಷ್ಟು ಹತ್ತಿರದವು ಬೇಗ ತುಂಬುತ್ತವೆ.